ಮೆಡಿಕಲ್ ಸೀಟು: ಧನ್ಯವಾದ ಯಾರಿಗೆ, ಯಾವಾಗ?

ನೀಟ್ ಫಲಿತಾಂಶ ಬಂದ ವಾರ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು ಊರಿನ ಹಿರಿಯರದು: ‘ಯಾರನ್ನಾದ್ರೂ ಒಂದ್ಸಲ ನೋಡ್ಕೊಂಡು ಬರೋದು ಒಳ್ಳೇದಲ್ವಾ?’ ಇನ್ನೊಂದು ಅಮೆರಿಕದಲ್ಲಿರುವ ನೆಂಟರದು: ‘ಇಂಟರ್‌ವ್ಯೂ ಆದ್ಮೇಲೆ ಥ್ಯಾಂಕ್ಯೂ ಮೇಲ್ ಹಾಕೋದು ಮರೀಬೇಡ.’ ಎರಡೂ ಕಾಳಜಿಯ ಮಾತೇ. ಆದರೆ ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟು ಬಯಸುವ ವಿದ್ಯಾರ್ಥಿಗೆ ಎರಡರಿಂದಲೂ ಪ್ರಯೋಜನವಿಲ್ಲ. ಇಲ್ಲಿ ಸಂದರ್ಶನವೇ ಇಲ್ಲ. ಯಾರನ್ನೋ ನೋಡಿ ಬಂದರೆ ಸೀಟು ಸಿಗುವುದೂ ಇಲ್ಲ. ಹಾಗಾದರೆ ಸಂದರ್ಶನ ಎಲ್ಲೆಲ್ಲಿ ಉಳಿದಿದೆ, ಅಲ್ಲಿ ಧನ್ಯವಾದದ ಪತ್ರ ಬರೆಯಬೇಕೆ, ನಮ್ಮೂರಿನಲ್ಲಿ ಅದನ್ನು ಯಾರಿಗೆ ಬರೆಯಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಸೀಟು ಹಂಚುವುದು ಹೇಗೆ?

ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4 ಅಂಕ ಸೇರುತ್ತದೆ, ತಪ್ಪಿದರೆ 1 ಅಂಕ ಕಳೆಯುತ್ತದೆ. ಕನ್ನಡದಲ್ಲೂ ಬರೆಯಬಹುದು. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಅವನ್ನೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನೂ ಹಂಚುವುದು ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ, ಅಂದರೆ ಎಂಸಿಸಿ. ಉಳಿದ ಸರ್ಕಾರಿ ಸೀಟುಗಳು ಮತ್ತು ರಾಜ್ಯದ ಖಾಸಗಿ ಕಾಲೇಜುಗಳ ಸೀಟುಗಳು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಮೂಲಕ ಹಂಚಿಕೆಯಾಗುತ್ತವೆ.

ಕೆಇಎ ನೋಡುವುದು ಮೂರನ್ನು: ರ‍್ಯಾಂಕ್, ಮೀಸಲಾತಿ, ವಿದ್ಯಾರ್ಥಿ ಆನ್‌ಲೈನಿನಲ್ಲಿ ತುಂಬಿದ ಕಾಲೇಜುಗಳ ಪಟ್ಟಿ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗಿ, ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಕಾಲೇಜನ್ನು ಕಂಪ್ಯೂಟರು ಕೊಡುತ್ತದೆ. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಲಾಟಿಗೆ ಆನ್‌ಲೈನ್ ಟೆಂಡರ್ ನಡೆಯುವ ಹಾಗೆಯೇ ಇದೂ: ಯಾರ ಬಿಡ್ ಹೆಚ್ಚೋ ಲಾಟು ಅವರಿಗೆ, ಖರೀದಿದಾರರಿಗೆ ಮುಂಚೆಯೇ ಕೈಮುಗಿದು ಬಂದರೆ ಕ್ವಿಂಟಲ್‌ಗೆ ನೂರು ರೂಪಾಯಿ ಏರುವುದಿಲ್ಲ.

ಆದ್ದರಿಂದ ಶ್ರಮ ಹಾಕಬೇಕಾದದ್ದು ಆಪ್ಷನ್ ಎಂಟ್ರಿಯಲ್ಲಿ. ಮೈಸೂರು ಬೇಕು, ಆಗದಿದ್ದರೆ ಹಾಸನ, ಅದೂ ಆಗದಿದ್ದರೆ ಚಿತ್ರದುರ್ಗ ಎಂದಿದ್ದರೆ ಅದೇ ಕ್ರಮದಲ್ಲಿ ತುಂಬಿ. ‘ಮೈಸೂರು ಸಿಗಲಾರದು’ ಎಂದು ಅದನ್ನು ಕೆಳಗಿಟ್ಟರೆ ನಿಮಗೇ ನಷ್ಟ. ಮೇಲೆ ಇಟ್ಟದ್ದು ಸಿಗದಿದ್ದರೆ ಕೆಳಗಿನದಕ್ಕೆ ಧಕ್ಕೆಯಾಗುವುದಿಲ್ಲ. ಅಣಕು ಹಂಚಿಕೆಯ ಫಲಿತಾಂಶ ನೋಡಿಕೊಂಡು ಕ್ರಮ ಬದಲಿಸಲು ಅವಕಾಶವಿರುತ್ತದೆ. ನಿಜವಾದ ಹಂಚಿಕೆ ಆದಮೇಲೆ ಚಾಯ್ಸ್ ಆರಿಸಬೇಕು. ಒಂದು ಎಂದರೆ ಒಪ್ಪಿ ಸೇರುವುದು; ಎರಡು, ಸಿಕ್ಕಿದ್ದನ್ನು ಹಿಡಿದುಕೊಂಡು ಮೇಲಿನದಕ್ಕೆ ಕಾಯುವುದು; ಮೂರು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು; ನಾಲ್ಕು, ಪೂರ್ತಿ ಹೊರಬರುವುದು. ಮೂರನ್ನು ಒತ್ತುವ ಮುನ್ನ ಮನೆಯವರೆಲ್ಲ ಕೂತು ಯೋಚಿಸಿ.

‘ಸೀಟು ಗ್ಯಾರಂಟಿ, ಕೆಲಸ ಆದಮೇಲೆ ನಮ್ಮನ್ನು ನೋಡಿಕೊಂಡರೆ ಸಾಕು’ ಎಂದು ಫೋನು ಮಾಡುವವರು ಈ ಹೊತ್ತಿಗೇ ಕಾಣಿಸಿಕೊಳ್ಳುತ್ತಾರೆ. ಶುಲ್ಕ ಕಟ್ಟುವುದಿದ್ದರೆ ಕೆಇಎ ಅಥವಾ ಎಂಸಿಸಿ ತೋರಿಸಿದ ದಾರಿಯಲ್ಲಿ ಮಾತ್ರ ಕಟ್ಟಿ.

ಮನುಷ್ಯರ ಸಹಾಯ ಬೇಕಾಗುವುದು ಎಲ್ಲಿ?

ಪ್ರಮಾಣಪತ್ರಗಳಲ್ಲಿ. ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ಓದಿನ ದಾಖಲೆ ಬೇಕು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಗಳು ‘ಗ್ರಾಮೀಣ’ದಲ್ಲಿ ಬರುವುದಿಲ್ಲ. ಹಾಗಾಗಿ ಮಾಯಸಂದ್ರದಲ್ಲೋ ಶೆಟ್ಟಿಕೆರೆಯಲ್ಲೋ ಏಳನೆಯವರೆಗೆ ಓದಿ, ಹೈಸ್ಕೂಲಿಗೆ ತಿಪಟೂರು ಪೇಟೆಗೆ ಬಂದವರಿಗೆ ಈ ಸೌಲಭ್ಯ ದಕ್ಕುವುದಿಲ್ಲ.

ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಆಗಿ, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಮೇಲುಸಹಿ ಬೀಳಬೇಕು. ಜಾತಿ, ಆದಾಯ ಪ್ರಮಾಣಪತ್ರಗಳು ನಾಡಕಚೇರಿಯಲ್ಲಿ ಸಿಗುತ್ತವೆ. ಅವುಗಳ ಮೇಲಿನ ಆರ್‌ಡಿ ಸಂಖ್ಯೆಯನ್ನು ಕೆಇಎ ತಾಳೆ ನೋಡುತ್ತದೆ. ಫಲಿತಾಂಶಕ್ಕೆ ಕಾಯದೆ, ಪರೀಕ್ಷೆ ಮುಗಿದ ತಕ್ಷಣ ಇವನ್ನೆಲ್ಲ ಮಾಡಿಸಿಟ್ಟುಕೊಳ್ಳುವುದು ಜಾಣತನ.

ತೆಂಗಿನ ಸೀಮೆಯವರಿಗೆ ಇಲ್ಲೊಂದು ಇಕ್ಕಟ್ಟು. ಉಪಕಾರ ಮಾಡಿದವರ ಮನೆಗೆ ನಾಲ್ಕು ಕಾಯಿ, ಒಂದು ಗೊನೆ ಎಳನೀರು ಮುಟ್ಟಿಸುವುದು ನಮ್ಮಲ್ಲಿ ಸಾಮಾನ್ಯ ಮರ್ಯಾದೆ. ಆದರೆ ಅರ್ಜಿ ಮೇಜಿನ ಮೇಲಿರುವಾಗ ಅಧಿಕಾರಿಯ ಮನೆಗೆ ಹೋದ ಕಾಯಿ ಮೂಟೆಯನ್ನು ಮರ್ಯಾದೆ ಅನ್ನಲಾಗದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಲಂಚ ಕೊಡುವುದೇ ಪ್ರತ್ಯೇಕ ಅಪರಾಧ. ಬಲವಂತಕ್ಕೆ ಕೊಡಬೇಕಾಗಿ ಬಂದವರು ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ನಾಡಕಚೇರಿಯ ಪ್ರಮಾಣಪತ್ರ ತಡವಾದರೆ ಸಕಾಲ ಕಾಯ್ದೆಯಡಿ ಮೇಲ್ಮನವಿ ಹಾಕಬಹುದು. ಕೆಲಸ ಮಾಡಿಕೊಟ್ಟ ಗುಮಾಸ್ತರಿಗೆ ‘ಉಪಕಾರವಾಯ್ತು ಸಾರ್’ ಎಂಬ ಮಾತು ಸಾಕು.

ಸಂದರ್ಶನ ಇದ್ದ ಕಾಲ

ನಮ್ಮ ರಾಜ್ಯದಲ್ಲೂ ಮೆಡಿಕಲ್ ಸೀಟಿಗೆ ಸಂದರ್ಶನ ಇತ್ತು. 1963ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಪ್ರವೇಶಕ್ಕೆ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತು. ಸಾಮಾನ್ಯ ಜ್ಞಾನ, ಅಭಿರುಚಿ, ವ್ಯಕ್ತಿತ್ವ, ಎನ್‌ಸಿಸಿ, ಆಟ, ಚರ್ಚಾಸ್ಪರ್ಧೆ, ನಾಟಕ ಇವೆಲ್ಲ ಲೆಕ್ಕಕ್ಕೆ ಬರುತ್ತಿದ್ದವು. ಪರೀಕ್ಷೆಯಲ್ಲಿ ಮುಂದಿದ್ದವರು ಸಂದರ್ಶನದ ಅಂಕದಿಂದ ಹಿಂದೆ ಬೀಳಬಹುದು ಎಂಬ ತಕರಾರು ಎದ್ದು, ಚಿತ್ರಲೇಖಾ ಪ್ರಕರಣ ಎಂದು ಹೆಸರಾದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1964ರಲ್ಲಿ ನ್ಯಾಯಾಲಯ ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೆ 1980ರಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಪ್ರಕರಣದಲ್ಲಿ, ಒಬ್ಬೊಬ್ಬರಿಗೆ ಎರಡು ಮೂರು ನಿಮಿಷದ ಸಂದರ್ಶನ ಮಾಡಿ ಮೂರನೇ ಒಂದು ಭಾಗದಷ್ಟು ಅಂಕ ಕೊಡುವುದು ಸಲ್ಲದು, ಅದು ಶೇ 15 ಮೀರಬಾರದು ಎಂದಿತು.

ಅಷ್ಟರಲ್ಲಿ ಕರ್ನಾಟಕದ ಖಾಸಗಿ ಕಾಲೇಜುಗಳಲ್ಲಿ ಸಂದರ್ಶನಕ್ಕಿಂತ ದೊಡ್ಡ ತಲೆನೋವು ಬಂದಿತ್ತು: ಕ್ಯಾಪಿಟೇಷನ್, ಅಂದರೆ ಸೀಟಿಗೆಂದು ವಸೂಲಿ ಮಾಡುವ ಹೆಚ್ಚುವರಿ ಹಣ. 1984ರಲ್ಲಿ ಅದರ ನಿಷೇಧಕ್ಕೆ ಕಾಯ್ದೆ ಬಂತು. ಅದರಡಿ 1989ರಲ್ಲಿ ಹೊರಟ ಅಧಿಸೂಚನೆ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ ಶುಲ್ಕ ನಿಗದಿ ಮಾಡಿತು. ತುಮಕೂರಿನ ಶ್ರೀ ಸಿದ್ಧಾರ್ಥ ಮೆಡಿಕಲ್ ಕಾಲೇಜಿನ ಸೀಟಿಗೆ ಸಂಬಂಧಿಸಿದಂತೆ ಇದನ್ನು ಪ್ರಶ್ನಿಸಿದ್ದೇ ಮೋಹಿನಿ ಜೈನ್ ಪ್ರಕರಣ. 1992ರ ತೀರ್ಪು ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷ, ಖಾಸಗಿ ಕಾಲೇಜಿನ ಪ್ರವೇಶಕ್ಕೂ ಅರ್ಹತೆಯೇ ಆಧಾರವೆಂದ ಉನ್ನಿಕೃಷ್ಣನ್ ತೀರ್ಪು ಬಂತು. 1994ರಲ್ಲಿ ಕರ್ನಾಟಕದ ಸಿಇಟಿ ಶುರುವಾಯಿತು. 2016ರಿಂದ ನೀಟ್ ಗಟ್ಟಿಯಾಗಿ ನೆಲೆಯೂರಿತು. ದಶಕಗಳ ಕಾಲ ಸಂದರ್ಶನ ನಡೆಸುತ್ತಿದ್ದ ಬೆಂಗಳೂರಿನ ಸೇಂಟ್ ಜಾನ್ಸ್, ವೆಲ್ಲೂರಿನ ಸಿಎಂಸಿ ಕೂಡ ನೀಟ್ ವ್ಯವಸ್ಥೆಯೊಳಗೆ ಬಂದವು.

ನೀಟ್ ಬಗ್ಗೆ ದೂರುಗಳಿವೆ, ಕೋಚಿಂಗಿನ ಖರ್ಚು ಅದರಲ್ಲಿ ಮುಖ್ಯ. ಆದರೂ ಅಡಕೆ-ತೆಂಗಿನ ಎರಡು ಎಕರೆಯವರ ಮಗಳು ಯಾರ ಪರಿಚಯವೂ ಇಲ್ಲದೆ ಸೀಟು ಪಡೆಯಬಹುದು ಎಂಬುದು ಈ ಬದಲಾವಣೆಗಳಿಂದಲೇ ಸಾಧ್ಯವಾದದ್ದು.

ಈಗ ಸಂದರ್ಶನ ಉಳಿದಿರುವುದೆಲ್ಲಿ?

ದೇಶದೊಳಗೆ ಎಂಬಿಬಿಎಸ್‌ಗೆ ಎಂದರೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಎಎಫ್‌ಎಂಸಿ. ನೀಟ್ ಅಂಕದ ಮೇಲೆ ಆಯ್ಕೆಯಾದವರನ್ನು ಕರೆಸಿ, ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮಾನಸಿಕ ಪರೀಕ್ಷೆ, ಸಂದರ್ಶನ, ದೇಹ ತಪಾಸಣೆ ನಡೆಸುತ್ತಾರೆ. ಇಲ್ಲಿ ಪತ್ರ ಬೇಡವೇ ಬೇಡ. ಮಂಡಳಿಯ ಎದುರು ಎದ್ದು ನಿಂತು ‘ಧನ್ಯವಾದ ಸರ್’ ಎಂದು ಹೊರಟರೆ ಮುಗಿಯಿತು. ಆಮೇಲೆ ಸದಸ್ಯರ ವಿಳಾಸ ಹುಡುಕಿ ಬರೆದರೆ ವಶೀಲಿಯಂತೆ ಕಾಣುತ್ತದೆ.

ಬ್ರಿಟನ್, ಕೆನಡಾ, ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲಿ ಸಂದರ್ಶನ ಈಗಲೂ ನಿರ್ಣಾಯಕ. ಅಲ್ಲಿನ ಕನ್ನಡ ಮನೆಗಳ ಮಕ್ಕಳು ಎದುರಿಸುವುದು ಇದನ್ನೇ. ಹಲವು ಕಡೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತಾ, ಕೆಲವೇ ನಿಮಿಷಗಳಲ್ಲಿ ಒಂದೊಂದು ಸನ್ನಿವೇಶಕ್ಕೆ ಉತ್ತರ ಕೊಡುವ ಸರಣಿ ಸಂದರ್ಶನ ಇರುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ ಇದು. ಪ್ರತಿ ಕೋಣೆಯಲ್ಲೂ ಅಂಕವನ್ನು ಆಗಲೇ ಬರೆದುಬಿಡುವುದರಿಂದ ಆಮೇಲಿನ ಪತ್ರಕ್ಕೆ ಅಲ್ಲಿ ಜಾಗವಿಲ್ಲ.

ನಮ್ಮಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿನ ತಜ್ಞ ತರಬೇತಿಗೆ ಹೋಗುವವರಿಗೂ ಸಂದರ್ಶನ ಇದೆ. ಸೆಪ್ಟೆಂಬರಿನಲ್ಲಿ ಅರ್ಜಿ, ಚಳಿಗಾಲದಲ್ಲಿ ಸಂದರ್ಶನ. ಆಮೇಲೆ ಅಭ್ಯರ್ಥಿಗಳು ಆಸ್ಪತ್ರೆಗಳನ್ನೂ ಆಸ್ಪತ್ರೆಗಳು ಅಭ್ಯರ್ಥಿಗಳನ್ನೂ ಕ್ರಮವಾಗಿ ಪಟ್ಟಿ ಮಾಡಿ ಕೊಡುತ್ತವೆ. ಮಾರ್ಚಿನಲ್ಲಿ ಎರಡು ಪಟ್ಟಿಗಳನ್ನೂ ಗಣಕವಿಧಾನ ಹೊಂದಿಸುತ್ತದೆ. ಇದರ ಹಿಂದಿನ ಸಿದ್ಧಾಂತ ಮತ್ತು ವಿನ್ಯಾಸಕ್ಕಾಗಿಯೇ ಲಾಯ್ಡ್ ಶಾಪ್ಲಿ ಮತ್ತು ಆಲ್ವಿನ್ ರಾತ್ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಸಂದರ್ಶನದ ನಂತರ ಅಭ್ಯರ್ಥಿಯಿಂದ ಪತ್ರ ಕೇಳಬಾರದು, ಆಮಿಷದ ಮಾತಿನ ಪತ್ರ ಬರೆಯಬಾರದು ಎಂದು ಈ ವ್ಯವಸ್ಥೆಯ ನೀತಿಸಂಹಿತೆ ಆಸ್ಪತ್ರೆಗಳಿಗೇ ಹೇಳುತ್ತದೆ. ಅಂದರೆ ಪತ್ರ ಬರೆಯದಿದ್ದರೆ ಸೀಟು ತಪ್ಪುತ್ತದೆ ಎಂಬ ಭಯ ಬೇಡ.

ಬರೆಯುವುದಾದರೆ ಹೀಗೆ

ಮೊದಲು ಸಂದರ್ಶನದ ಆಹ್ವಾನವನ್ನು ಮತ್ತೊಮ್ಮೆ ಓದಿ. ‘ಪತ್ರ ಬೇಡ’ ಎಂದಿದ್ದರೆ ಅಲ್ಲಿಗೇ ಬಿಡಿ. ಏನೂ ಹೇಳದಿದ್ದರೆ, ಒಂದೆರಡು ದಿನದೊಳಗೆ ಒಂದು ಚಿಕ್ಕ ಇಮೇಲ್ ಸಾಕು. ಇಬ್ಬರು ಸಂದರ್ಶಿಸಿದ್ದರೆ ಇಬ್ಬರಿಗೂ ಬೇರೆ ಬೇರೆಯಾಗಿ ಬರೆಯಿರಿ. ಒಂದೇ ಒಕ್ಕಣೆಯನ್ನು ನಕಲು ಮಾಡಿದರೆ ಗೊತ್ತಾಗುತ್ತದೆ. ಮಾತಿನ ನಡುವೆ ಬಂದ ಒಂದು ನಿರ್ದಿಷ್ಟ ವಿಷಯ ಅದರಲ್ಲಿರಲಿ. ಸಾರಾಂಶ ಹೀಗಿರಬಹುದು:

‘ಮಂಗಳವಾರ ನನ್ನೊಡನೆ ಮಾತಾಡಲು ಸಮಯ ಕೊಟ್ಟದ್ದಕ್ಕೆ ಧನ್ಯವಾದ. ನಿಮ್ಮ ಕಿರಿಯ ವೈದ್ಯರು ಹಳ್ಳಿಗಾಡಿನ ಕ್ಲಿನಿಕ್‌ಗಳಲ್ಲಿ ತಿಂಗಳುಗಟ್ಟಲೆ ದುಡಿಯುವ ಬಗ್ಗೆ ಹೇಳಿದಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಕಲಿತ ನನಗೆ ಅದು ತುಂಬ ಹಿಡಿಸಿತು. ಇದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ.’

ಬಿಟ್ಟ ಉತ್ತರವನ್ನು ಪತ್ರದಲ್ಲಿ ತುಂಬಿಸಲು ಹೋಗಬೇಡಿ. ನಾಲ್ಕು ಆಸ್ಪತ್ರೆಗಳಿಗೆ ‘ನೀವೇ ನನ್ನ ಮೊದಲ ಆಯ್ಕೆ’ ಎಂದು ಬರೆಯಬೇಡಿ. ಅದು ಸುಳ್ಳು, ವೈದ್ಯ ವೃತ್ತಿಗೆ ಒಳ್ಳೆಯ ಶುರುವಲ್ಲ. ಎರಡನೇ ಪತ್ರ ಬೇಡ, ಉಡುಗೊರೆಯಂತೂ ಬೇಡ.

ಶಿಫಾರಸು ಪತ್ರ ಬರೆದುಕೊಟ್ಟ ಪ್ರಾಧ್ಯಾಪಕರಿಗೆ ಮಾತ್ರ ತಪ್ಪದೆ ಬರೆಯಬೇಕು, ಅದೂ ಫಲಿತಾಂಶ ಬಂದಮೇಲೆ ಇನ್ನೊಂದು ಸಲ. ಸೀಟು ಸಿಗದಿದ್ದರೂ ತಿಳಿಸಿ. ಕೆಲಸ ಆದಮೇಲೆ ಸುದ್ದಿಯೇ ಇಲ್ಲದವರಿಗೆ ಮುಂದಿನ ಸಲ ಬರೆದುಕೊಡಲು ಯಾರಿಗೂ ಮನಸ್ಸು ಬಾರದು.

ಊರಿನಲ್ಲಿ ಯಾರಿಗೆ?

ಪ್ರಾಥಮಿಕ ಶಾಲೆಯ ಮೇಷ್ಟ್ರು, ಹೈಸ್ಕೂಲಿನ ವಿಜ್ಞಾನದ ಟೀಚರ್, ಪಿಯು ಉಪನ್ಯಾಸಕರು, ವಿದ್ಯಾರ್ಥಿವೇತನ ಕೊಟ್ಟ ಸಂಘ ಅಥವಾ ದಾನಿ: ಪತ್ರ ಸಲ್ಲಬೇಕಾದವರು ಇವರು. ಕಾಲೇಜಿಗೆ ಸೇರಿದ ಮೊದಲ ತಿಂಗಳಲ್ಲೇ ಬರೆದುಬಿಡಿ. ವಾಟ್ಸ್‌ಆ್ಯಪ್‌ಗಿಂತ ಅಂಚೆಯ ಕಾಗದ ಮೇಲು. ಮೇಷ್ಟ್ರು ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ತೋರಿಸುತ್ತಾರೆ. ಒಕ್ಕಣೆ ಸರಳವಾಗಿರಲಿ:

‘ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು. ನನಗೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ದಾಸವಾಳದ ಹೂವು ಸೀಳಿ ಭಾಗಗಳನ್ನು ನೀವು ತೋರಿಸಿದ್ದು ಈಗಲೂ ನೆನಪಿದೆ. ವ್ಯಾಸಂಗ ಪ್ರಮಾಣಪತ್ರಕ್ಕೆಂದು ರಜೆಯಲ್ಲೂ ಶಾಲೆಗೆ ಬಂದಿರಿ. ದಸರೆಗೆ ಊರಿಗೆ ಬಂದಾಗ ಮನೆಗೆ ಬಂದು ಕಾಣುತ್ತೇನೆ. ಅಪ್ಪ, ಅಮ್ಮ ನಮಸ್ಕಾರ ತಿಳಿಸಿದ್ದಾರೆ.’

ಮೇಷ್ಟ್ರನ್ನು ಕಾಣಲು ಹೋಗುವಾಗ ಎಳನೀರು, ನಾಲ್ಕು ಉಂಡೆ ಕೊಬ್ಬರಿ ಒಯ್ದರೆ ತಪ್ಪಿಲ್ಲ. ಅವರಿಂದ ಆಗಬೇಕಾದ ಕೆಲಸ ಯಾವುದೂ ಆಗ ಬಾಕಿ ಉಳಿದಿರುವುದಿಲ್ಲ. ನೆನಪಿಡಬೇಕಾದ ನಿಯಮ ಇದೊಂದೇ: ಕೆಲಸ ಬಾಕಿ ಇರುವವರ ಹತ್ತಿರ ಬಾಯಿಮಾತಿನ ಧನ್ಯವಾದಕ್ಕೆ ನಿಲ್ಲಿಸಿ, ಕೆಲಸ ಮುಗಿದಮೇಲೆ ಮನಸಾರೆ ಹೇಳಿ. ಸಂದರ್ಶಕರಿಗೆ ಪತ್ರ ಬರೆಯದಿದ್ದರೂ ನಡೆಯುತ್ತದೆ. ಅಕ್ಷರ ಕಲಿಸಿದವರಿಗೆ ಬರೆಯುವುದನ್ನು ಮರೆಯಬೇಡಿ.