ಬೀದಿಯೂ ಮನೆಯ ಅಂಗಳವೇ ಸ್ವಾಮಿ!

ಬೀದಿ ಯಾರದು? ಅಲ್ಲಿ ವಾಸ ಮಾಡುವವರದೋ, ಹಾರನ್ ಹೊಡೆದುಕೊಂಡು ಹಾದುಹೋಗುವವರದೋ? ನಮ್ಮ ಪುರಪಿತೃಗಳನ್ನು ಕೇಳಿದರೆ "ನೋಡೋಣ, ಮಾಡೋಣ" ಎಂಬ ಉತ್ತರ ಗ್ಯಾರಂಟಿ. ಹಾಲೆಂಡಿನವರು ಮಾತ್ರ ಇದಕ್ಕೆ 1976ರಲ್ಲೇ ಕಾನೂನಿನ ಉತ್ತರ ಬರೆದುಕೊಂಡರು. ಅದೇನೂ ಪುಕ್ಕಟೆ ಬಂದ ಬುದ್ಧಿಯಲ್ಲ. ಮಕ್ಕಳ ಹೆಣ ಎತ್ತಿದ ಮೇಲೆ ಬಂದದ್ದು.

ಹಾಲೆಂಡ್ ಅಂದರೆ ಸೈಕಲ್ಲಿನ ದೇಶ ಅಂತ ಎಲ್ಲರಿಗೂ ಗೊತ್ತು. ಆದರೆ ಎರಡನೇ ಮಹಾಯುದ್ಧ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಅಲ್ಲಿಯೂ ಕಾರುಗಳ ಜಾತ್ರೆಯೇ ನೆರೆಯಿತು. ಮಕ್ಕಳು ಆಡುತ್ತಿದ್ದ ಓಣಿಗಳು ಕಾರು ನಿಲ್ಲಿಸುವ ಜಾಗಗಳಾದವು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು 3,000ಕ್ಕೂ ಹೆಚ್ಚು ಮಂದಿ. ಅವರಲ್ಲಿ 400ಕ್ಕೂ ಮಿಕ್ಕಿ ಮಕ್ಕಳು.

ಹಾಗೆ ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ 1972ರಲ್ಲಿ "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ತಲೆಬರಹ ಕೊಟ್ಟು ಲೇಖನ ಬರೆದ. ಅದೇ ಹೆಸರಿನ ಚಳವಳಿ ಶುರುವಾಯಿತು. ಅದೇ ವರ್ಷ ಆಮ್‌ಸ್ಟರ್‌ಡಾಮಿನ ಡಿ ಪೈಪ್ ಎಂಬ ಬಡಾವಣೆಯಲ್ಲಿ ಮಕ್ಕಳೇ ತಮ್ಮ ಬೀದಿಗೆ ಅಡ್ಡಗಟ್ಟಿ ಆಟಕ್ಕೆ ಜಾಗ ಬೇಕು ಅಂತ ಕೂತರು. ಕಾರಿನವರು ಬಂದು ಅಡ್ಡಕಟ್ಟು ಕಿತ್ತೆಸೆಯಲು ಹೋಗಿ ಜಗಳವೇ ಆಯಿತು. ಟೀವಿಯವರು ಅದನ್ನೆಲ್ಲ ಚಿತ್ರ ತೆಗೆದರು. ದೇಶ ನೋಡಿತು.

ಅಷ್ಟು ಹೊತ್ತಿಗೆ ಡೆಲ್ಫ್ಟ್ ಎಂಬ ಊರಿನಲ್ಲಿ ಒಂದು ಪ್ರಯೋಗ ನಡೆದೇ ಇತ್ತು. ನೀಕ್ ಡಿ ಬೂರ್ ಎಂಬ ಪ್ರೊಫೆಸರು ಅದಕ್ಕೆ 'ವೋನ್‌ಎರ್ಫ್' ಅಂತ ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ 'ವಾಸದ ಅಂಗಳ'. ಅಲ್ಲಿನ ಪೌರಾಡಳಿತದ ಇಂಜಿನಿಯರು ಯೂಸ್ಟ್ ವಾಲ್ ಅದನ್ನು ಬೀದಿಗಿಳಿಸಿದರು.

ಅವರು ಮಾಡಿದ್ದು ಇಷ್ಟೆ. ಫುಟ್‌ಪಾತು, ರಸ್ತೆ ಎಂಬ ಭೇದ ಅಳಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರು. ನೆಟ್ಟಗಿದ್ದ ದಾರಿಯನ್ನು ಅಂಕುಡೊಂಕು ಮಾಡಿದರು. ನಡುನಡುವೆ ಮರ, ಹೂವಿನ ತೊಟ್ಟಿ, ಕೂರುವುದಕ್ಕೆ ಬೆಂಚು. ಗಾಡಿ ನಿಲ್ಲಿಸಲು ಗುರುತು ಹಾಕಿದ ಕಡೆ ಮಾತ್ರ ಅವಕಾಶ. ಇಂಥಾ ಬೀದಿಯಲ್ಲಿ ಎಂಥಾ ಶೂರನೂ ಜೋರಾಗಿ ಗಾಡಿ ಬಿಡಲಾರ. ಬೋರ್ಡು ಓದದವನೂ ಬ್ರೇಕು ಒತ್ತಲೇಬೇಕು.

1976ರ ಕಾನೂನು ಇದಕ್ಕೆ ಮುದ್ರೆ ಒತ್ತಿತು. ಇಂಥ ಬೀದಿಯ ಪೂರ್ತಿ ಅಗಲದಲ್ಲಿ ಜನ ನಡೆಯಬಹುದು, ಮಕ್ಕಳು ಆಡಬಹುದು. ಗಾಡಿಯವನು ನಡಿಗೆಯ ವೇಗದಲ್ಲಿ ಬರಬೇಕು. ಈಗಿನ ಮಿತಿ ಗಂಟೆಗೆ 15 ಕಿಲೋಮೀಟರ್. ಹಾಗಂತ ನಡೆಯುವವರು ಬೇಕಂತಲೇ ಗಾಡಿಗೆ ಅಡ್ಡ ನಿಲ್ಲುವಂತಿಲ್ಲ.

"ಅದೆಲ್ಲ ಸರಿ, ಅಂಗಡಿ ಮುಂದೆ ಗಾಡಿ ಬರದಿದ್ದರೆ ನಮ್ಮ ವ್ಯಾಪಾರದ ಗತಿ?" ಅಂತ ಸೆಟ್ಟರು ಕೇಳಬಹುದು. ಕೇಳಬೇಕಾದ್ದೇ. ಇಲ್ಲಿ ಗಾಡಿಗೆ ನಿಷೇಧವಿಲ್ಲ. ಸಾಮಾನಿನ ಟೆಂಪೋ ಬರುತ್ತೆ, ಆಂಬುಲೆನ್ಸು ಬರುತ್ತೆ, ಮೆಲ್ಲಗೆ ಬರುತ್ತೆ. ಬಸ್ಸು ಓಡುವ ಮೇನ್ ರೋಡಿಗೆ ಈ ಏರ್ಪಾಡು ಹೇಳಿಸಿದ್ದೂ ಅಲ್ಲ, ಇದು ಮನೆಗಳಿರುವ ಬೀದಿಗೆ. 1988ರಲ್ಲಿ ಅಂಗಡಿ ಬೀದಿಗಳಿಗೂ ಇದನ್ನು ವಿಸ್ತರಿಸಿದರು. ಭರ್ರೆಂದು ಹೋಗುವವನಿಗೆ ನಿಮ್ಮ ಅಂಗಡಿಯ ಬೋರ್ಡೂ ಕಾಣದು. ನಡೆದು ಬರುವವನು ತಾನೆ ನಿಂತು ಕಾಲು ಕೆ.ಜಿ. ಬೆಲ್ಲ ಕಟ್ಟಿಸಿಕೊಳ್ಳುವುದು?

ಖರ್ಚಿನ ಮಾತೂ ಇದೆ. ಬೀದಿ ಅಗೆದು ಮತ್ತೆ ಕಟ್ಟುವುದು ದುಬಾರಿ. ಅದಕ್ಕೇ ಅಲ್ಲಿನವರು 1980ರ ದಶಕದಲ್ಲಿ ಅಗ್ಗದ ದಾರಿಯನ್ನೂ ಹಿಡಿದರು. ಬಡಾವಣೆಗೆ ಬಡಾವಣೆಯನ್ನೇ 30 ಕಿಲೋಮೀಟರ್ ವೇಗದ ವಲಯ ಮಾಡಿ, ಅಲ್ಲಲ್ಲಿ ಉಬ್ಬು ಕಟ್ಟಿದರು. ಸೈಕಲ್ ದಾರಿಗಳನ್ನೂ ಮಾಡಿದರು. ಇಂಥ ಹತ್ತಾರು ಕ್ರಮ ಸೇರಿ, 1971ರಲ್ಲಿ 3,000 ದಾಟಿದ್ದ ಸಾವು 2023ರಲ್ಲಿ 684ಕ್ಕೆ ಇಳಿದಿತ್ತು.

ನಮ್ಮ ರಾಜ್ಯದಲ್ಲೂ ಇದರ ಒಂದು ರುಚಿ ನೋಡಿದ್ದೇವೆ. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲು ಹಾಸಿ ಹೊಸದಾಗಿ ಕಟ್ಟಿದರು. 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಅಲ್ಲಿ ಮೋಟಾರು ಗಾಡಿ ಬಿಡಲಿಲ್ಲ. ಜನ ಬೀದಿ ತುಂಬ ಓಡಾಡಿದರು. ಗಡುವು ಮುಗಿಯಿತು, ಬ್ಯಾರಿಕೇಡು ಎತ್ತಿದರು, ಗಾಡಿಗಳು ಮರಳಿ ಬಂದವು. ಬ್ಯಾರಿಕೇಡು ಇಟ್ಟು ಮಾಡಿದ್ದು ಬ್ಯಾರಿಕೇಡಿನ ಜೊತೆಗೇ ಹೋಗುತ್ತೆ. ಡೆಲ್ಫ್ಟಿನದು ಉಳಿದದ್ದು ಯಾಕೆಂದರೆ, ಅವರು ಬೀದಿಯನ್ನೇ ಬೇರೆ ಥರ ಕಟ್ಟಿ, ಕಾನೂನನ್ನು ನಡೆಯುವವನ ಕಡೆ ನಿಲ್ಲಿಸಿದರು.

ಇದು ಶೋಕಿಯ ಮಾತಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ದಿನಕ್ಕೆ ತೊಂಬತ್ತು ಹೆಣ. ಬಸ್ಸಿಳಿದು ಮನೆಗೆ ನಡೆದು ಹೋಗುವ ನೀವೂ ಪಾದಚಾರಿಯೇ. ಶಾಲೆ ಬಿಟ್ಟು ಬರುವ ನಿಮ್ಮ ಮಗುವೂ ಪಾದಚಾರಿಯೇ.

ನಮ್ಮ ಓಣಿಗಳಲ್ಲಿ ಇನ್ನೂ ರಂಗೋಲಿ ಇದೆ, ಹರಟೆಗೆ ಕಟ್ಟೆ ಇದೆ, ಸಂಜೆ ಕ್ರಿಕೆಟ್ ಇದೆ. ಹೊಸದಾಗಿ ತರಬೇಕಾದ್ದಲ್ಲ, ಇರುವುದನ್ನು ಕಾಪಾಡಬೇಕಾದ್ದು. ವಾರ್ಡಿಗೆ ಒಂದೇ ಒಂದು ಬೀದಿಯಿಂದ ಶುರು ಮಾಡಲಿ. ಸದಸ್ಯರು ಓಟು ಕೇಳಲು ಮನೆ ಬಾಗಿಲಿಗೆ ಬಂದಾಗ ಚರಂಡಿ, ನಲ್ಲಿಯ ಜೊತೆಗೆ ಇದನ್ನೂ ಕೇಳಿ. ಈ ಬೀದಿ ಯಾರದು ಸ್ವಾಮಿ?