ಹೆಸರಿಗೆ ಹತ್ತು, ಲೆಕ್ಕಕ್ಕೆ ಹದಿನೆಂಟು: ಬಿಗ್ ಟೆನ್ ಮತ್ತು ಟಿವಿ ದುಡ್ಡು

ಬಿಗ್ ಟೆನ್‌ನಲ್ಲಿ ಈಗ 18 ವಿಶ್ವವಿದ್ಯಾಲಯಗಳಿವೆ. ಬಿಗ್ 12ರಲ್ಲಿ 16. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇವೆ. ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾದರೂ ನಮ್ಮಲ್ಲಿ ಬಹಳ ಜನ "ಇದು ಅವರ ಫುಟ್‌ಬಾಲ್, ನಮಗೆ ಅರ್ಥವಾಗಲ್ಲ" ಅಂತ ಚಾನೆಲ್ ಬದಲಾಯಿಸಿಬಿಡುತ್ತೇವೆ. ಆಟ ಅರ್ಥವಾಗದಿದ್ದರೆ ಪರವಾಗಿಲ್ಲ. ಆದರೆ ಇದರ ಹಣಕಾಸು ನಮಗೆ ಅರ್ಥವಾಗಬೇಕಾದದ್ದೇ. ನಮ್ಮ ಮಕ್ಕಳು ಓದುವುದು ಇದೇ ಅರ್ಬಾನಾ-ಶಾಂಪೇನ್, ಆನ್ ಆರ್ಬರ್, ಪರ್ಡ್ಯೂ, ಮ್ಯಾಡಿಸನ್‌ಗಳಲ್ಲಿ. ಟಿವಿ ಬಿಲ್ ಕಟ್ಟುವವರೂ ನಾವೇ.

ಈ ಕೂಟದ ಕಚೇರಿ ಇರುವುದು ರೋಸ್‌ಮಾಂಟ್‌ನಲ್ಲಿ. ಪ್ಲೇನ್‌ಫೀಲ್ಡಿನಿಂದ ಊರಿಗೆ ಹೋಗಲು ಒಹೇರ್‌ಗೆ ಹೊರಟಾಗ ಅದರ ಪಕ್ಕದಲ್ಲೇ ಹಾದುಹೋಗಿರುತ್ತೀರಿ. ಹುಟ್ಟಿದ್ದೂ ಶಿಕಾಗೋದಲ್ಲೇ, 1896ರಲ್ಲಿ. ಸ್ಥಾಪಕರಲ್ಲಿ ಒಬ್ಬರು ಯೂನಿವರ್ಸಿಟಿ ಆಫ್ ಶಿಕಾಗೋ. ಹೌದು, ಇವತ್ತು ನಾವು ಎಂಬಿಎಗಾಗಿ ಕೈಮುಗಿಯುವ ಅದೇ ಶಿಕಾಗೋ. ಮೊದಲ ಹೈಸ್‌ಮನ್ ಟ್ರೋಫಿ 1935ರಲ್ಲಿ ಅವರ ಜೇ ಬರ್ವಾಂಗರ್‌ಗೆ ಬಂತು. ನಾಲ್ಕೇ ವರ್ಷದಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಹಚಿನ್ಸ್ ಫುಟ್‌ಬಾಲನ್ನೇ ನಿಲ್ಲಿಸಿದರು. 1946ರಲ್ಲಿ ಅವರು ಕೂಟದಿಂದಲೂ ಹೊರಬಂದರು. ಅಷ್ಟರಲ್ಲಿ ಖಾಲಿ ಬಿದ್ದಿದ್ದ ಅವರ ಕ್ರೀಡಾಂಗಣದ ಸ್ಟ್ಯಾಂಡಿನ ಕೆಳಗೆ 1942ರ ಡಿಸೆಂಬರಿನಲ್ಲಿ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆದಿತ್ತು. ಫುಟ್‌ಬಾಲ್ ಬಿಟ್ಟು ಆ ವಿಶ್ವವಿದ್ಯಾಲಯ ಕೆಟ್ಟಿತು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ದುಡ್ಡಿನ ಕಥೆ ಶುರುವಾಗುವುದು 1984ರಲ್ಲಿ. ಅಲ್ಲಿಯವರೆಗೆ ಯಾವ ಕಾಲೇಜಿನ ಪಂದ್ಯ ಎಷ್ಟು ಸಲ ಟಿವಿಯಲ್ಲಿ ಬರಬೇಕು ಅನ್ನುವುದನ್ನು ಎನ್‌ಸಿಎಎ ಒಂದೇ ನಿರ್ಧರಿಸುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ 7-2ರಲ್ಲಿ ಅದನ್ನು ಏಕಸ್ವಾಮ್ಯದ ಪಿತೂರಿ ಎಂದು ತಳ್ಳಿಹಾಕಿತು. ತೀರ್ಪು ಬರೆದವರು ಶಿಕಾಗೋದವರೇ ಆದ ಜಸ್ಟಿಸ್ ಸ್ಟೀವನ್ಸ್. ವಿರೋಧಿಸಿದವರಲ್ಲಿ ಬೈರನ್ ವೈಟ್ ಒಬ್ಬರು. ಅವರು ಸ್ವತಃ ದೊಡ್ಡ ಫುಟ್‌ಬಾಲ್ ಆಟಗಾರರಾಗಿದ್ದವರು. ಅಂದಿನಿಂದ ಪ್ರಸಾರದ ಹಕ್ಕು ಕಾಲೇಜುಗಳ ಕೈಗೆ ಬಂತು, ಕಾಲೇಜುಗಳು ಅದನ್ನು ಕೂಟದ ಹೆಸರಲ್ಲಿ ಒಟ್ಟಿಗೆ ಕಟ್ಟಿ ಮಾರತೊಡಗಿದವು. ಈ ಕಟ್ಟು ಯಾರ ಬಳಿ ಎಷ್ಟು ದೊಡ್ಡದಿದೆ ಅನ್ನುವುದೇ ಮುಂದಿನ ನಲವತ್ತು ವರ್ಷದ ಜಗಳ.

ಬಿಗ್ ಟೆನ್ 2007ರ ಆಗಸ್ಟ್‌ನಲ್ಲಿ ಫಾಕ್ಸ್ ಜೊತೆ ಸೇರಿ ತನ್ನದೇ ಚಾನೆಲ್ ತೆರೆಯಿತು. ಎರಡೇ ದಿನಕ್ಕೆ ಅದೃಷ್ಟ ಖುಲಾಯಿಸಿತು, ಮಿಶಿಗನ್‌ಗೆ ಅಲ್ಲ, ಚಾನೆಲ್‌ಗೆ. ಸಣ್ಣ ಕಾಲೇಜಾದ ಅಪಲಾಚಿಯನ್ ಸ್ಟೇಟ್ ಆನ್ ಆರ್ಬರಿಗೆ ಬಂದು ಮಿಶಿಗನ್ ತಂಡವನ್ನು 34-32ರಲ್ಲಿ ಸೋಲಿಸಿತು. ಆ ಪಂದ್ಯ ಬಂದದ್ದು ಈ ಹೊಸ ಚಾನೆಲ್‌ನಲ್ಲಿ ಮಾತ್ರ. ಕಾಮ್‌ಕಾಸ್ಟ್ ಕೇಬಲ್‌ನಲ್ಲಿ ಇನ್ನೂ ಚಾನೆಲ್ ಇರಲಿಲ್ಲ. ಶಿಕಾಗೋ, ಡೆಟ್ರಾಯಿಟ್‌ನ ಜನ ಫೋನ್ ಮಾಡಿ ಮಾಡಿ ಬೈದರು. ಮುಂದಿನ ವರ್ಷ ಕಾಮ್‌ಕಾಸ್ಟ್ ದಾರಿಗೆ ಬಂತು.

ಈ ಚಾನೆಲ್‌ನ ಆದಾಯದ ಸೂತ್ರ ನೋಡಿ. ಕೂಟದ ಕಾಲೇಜು ಇರುವ ರಾಜ್ಯದಲ್ಲಿ ಪ್ರತಿ ಕೇಬಲ್ ಮನೆಯಿಂದ ತಿಂಗಳಿಗೆ ಒಂದು ಡಾಲರ್ ಆಸುಪಾಸು. ಹೊರಗಿನ ರಾಜ್ಯದಲ್ಲಿ ಕೆಲವೇ ಸೆಂಟ್. ಆ ಮನೆಯವರು ಚಾನೆಲ್ ನೋಡುತ್ತಾರೋ ಬಿಡುತ್ತಾರೋ ಮುಖ್ಯವಲ್ಲ. ಹಾಗಾದರೆ ಆದಾಯ ಹೆಚ್ಚಿಸುವುದು ಹೇಗೆ? ಹೊಸ ರಾಜ್ಯವನ್ನೇ ಸೇರಿಸಿಕೊಳ್ಳಿ! 2014ರಲ್ಲಿ ಮೇರಿಲ್ಯಾಂಡ್ ಮತ್ತು ರಟ್‌ಗರ್ಸ್ ಬಂದದ್ದು ಆಟದ ಬಲದಿಂದಲ್ಲ, ವಾಷಿಂಗ್ಟನ್ ಮತ್ತು ನ್ಯೂಯಾರ್ಕ್ ಸುತ್ತಲಿನ ಕೇಬಲ್ ಪೆಟ್ಟಿಗೆಗಳ ಬಲದಿಂದ. (ನ್ಯೂ ಜರ್ಸಿಯಲ್ಲೂ ಒಂದು ಪ್ಲೇನ್‌ಫೀಲ್ಡ್ ಇದೆ, ರಟ್‌ಗರ್ಸ್ ಹತ್ತಿರವೇ. ಅಲ್ಲಿನ ಕನ್ನಡಿಗರು ಬಿಗ್ ಟೆನ್ ನೋಡುತ್ತಾರೋ ಇಲ್ಲವೋ, ಚಂದಾ ಮಾತ್ರ ಕೊಟ್ಟಿದ್ದಾರೆ.)

ಇದಕ್ಕೆ ಎದುರಾಗಿ ಪಶ್ಚಿಮ ತೀರದ ಪ್ಯಾಕ್-12 ಏನು ಮಾಡಿತು ಅನ್ನುವುದು ನನ್ನ ಪ್ರಕಾರ ಯಾವ ಬಿಸಿನೆಸ್ ಸ್ಕೂಲ್‌ನಲ್ಲಾದರೂ ಪಾಠ ಮಾಡಬಹುದಾದ ಪ್ರಕರಣ. ಅವರೂ 2012ರಲ್ಲಿ ಚಾನೆಲ್ ತೆರೆದರು, ಆದರೆ ಪಾಲುದಾರರು ಬೇಡ, ಶೇ. 100 ನಮ್ಮದೇ ಇರಲಿ ಎಂದರು. ಕೇಳಲು ಸ್ವಾಭಿಮಾನದ ಮಾತು. ಆದರೆ ಚಾನೆಲ್ ಅನ್ನುವುದು ಸರಕು; ಅದನ್ನು ಮನೆಮನೆಗೆ ತಲುಪಿಸುವವನ ಜೊತೆ ಚೌಕಾಸಿ ಮಾಡುವ ಶಕ್ತಿ ಬೇಕು. ಫಾಕ್ಸ್ ಹತ್ತಾರು ಚಾನೆಲ್‌ಗಳನ್ನು ಒಟ್ಟಿಗೆ ಮೇಜಿನ ಮೇಲಿಟ್ಟು ಮಾತಾಡುತ್ತಿತ್ತು. ಪ್ಯಾಕ್-12 ಒಂಟಿಯಾಗಿ ಹೋಯಿತು. ಡೈರೆಕ್‌ಟಿವಿ ಕೊನೆಯವರೆಗೂ ಅವರ ಚಾನೆಲ್ ಹಾಕಲೇ ಇಲ್ಲ. ಬಿಗ್ ಟೆನ್ ಚಾನೆಲ್‌ನಲ್ಲಿ ಫಾಕ್ಸ್ ಪಾಲು ಮೊದಲು ಅರ್ಧಕ್ಕಿಂತ ತುಸು ಕಡಿಮೆ ಇತ್ತು, ಈಗ ಶೇ. 61. ಇಡೀ ಪಂಚೆ ನಮ್ಮದೇ ಆಗಬೇಕು ಅಂತ ಹಟ ಹಿಡಿದವರಿಗೆ ಕೊನೆಗೆ ಅಂಗವಸ್ತ್ರವೂ ಉಳಿಯಲಿಲ್ಲ.

2022ರ ಜೂನ್ 30ರಂದು ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್‌ಗೆ ಹಾರಿದವು. ಆಗಸ್ಟ್‌ನಲ್ಲಿ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಏಳು ವರ್ಷಕ್ಕೆ 7 ಬಿಲಿಯನ್ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. ಪ್ಯಾಕ್-12 ಮಾರುಕಟ್ಟೆಗೆ ಬರುವ ಹೊತ್ತಿಗೆ ಕೊಳ್ಳುವವರ ಜೇಬು ಖಾಲಿ. 2023ರ ಆಗಸ್ಟ್ ಮೊದಲ ವಾರ ಆಪಲ್ ಕೊಟ್ಟ ಚಂದಾ ಆಧಾರಿತ ಪ್ರಸ್ತಾಪವೊಂದೇ ಕೈಯಲ್ಲಿತ್ತು. ಎಷ್ಟು ಜನ ಚಂದಾದಾರರಾಗುತ್ತಾರೋ ಅದರ ಮೇಲೆ ಆದಾಯ. ಆರೆಗನ್ ಮತ್ತು ವಾಷಿಂಗ್ಟನ್ ಅದಕ್ಕಿಂತ ಬಿಗ್ ಟೆನ್‌ನಲ್ಲಿ ಅರ್ಧ ಪಾಲೇ ವಾಸಿ ಎಂದು ಆಗಸ್ಟ್ 4ರಂದು ಹೊರಟವು. ನೂರು ವರ್ಷ ದಾಟಿದ ಕೂಟದಲ್ಲಿ ಕೊನೆಗೆ ಉಳಿದದ್ದು ಎರಡೇ ಕಾಲೇಜು. ಈಗ ಲಾಸ್ ಏಂಜಲೀಸ್‌ನ ವಾಲಿಬಾಲ್ ಹುಡುಗಿಯರು ರಟ್‌ಗರ್ಸ್‌ನಲ್ಲಿ ಆಡಲು ಸುಮಾರು 2,400 ಮೈಲಿ ಹಾರಬೇಕು, ಹೋಮ್‌ವರ್ಕ್ ವಿಮಾನದಲ್ಲಿ.

ಅದೇ 2022ರ ಜೂನ್‌ನಲ್ಲಿ ನಮ್ಮ ಐಪಿಎಲ್ ಹಕ್ಕುಗಳು ಐದು ವರ್ಷಕ್ಕೆ 48,390 ಕೋಟಿ ರೂಪಾಯಿಗೆ ಹೋದದ್ದು ನಿಮಗೆ ನೆನಪಿರಬಹುದು. ಟಿವಿ ಹಕ್ಕು ಡಿಸ್ನಿ ಸ್ಟಾರ್‌ಗೆ, ಭಾರತದ ಡಿಜಿಟಲ್ ಹಕ್ಕು ವಯಾಕಾಮ್18ಕ್ಕೆ. 2024ರ ನವೆಂಬರ್‌ನಲ್ಲಿ ಆ ಇಬ್ಬರು ಕೊಳ್ಳುವವರೇ ಒಂದಾಗಿ ಜಿಯೋಸ್ಟಾರ್ ಆದರು. ಹರಾಜಿನಲ್ಲಿ ಬೆಲೆ ಏರಿಸುವುದು ಸರಕಿನ ಗುಣವಲ್ಲ, ಎರಡನೇ ಕೊಳ್ಳುವವನು. ಅಮೆರಿಕದಲ್ಲೂ ಇದೇ ಚಿಂತೆ: ಇಎಸ್‌ಪಿಎನ್ 2011ರ ಸುಮಾರಿಗೆ 10 ಕೋಟಿ ಮನೆಗಳಲ್ಲಿತ್ತು, ಈಗ ಸುಮಾರು 6.5 ಕೋಟಿಗೆ ಇಳಿದಿದೆ. ರಟ್‌ಗರ್ಸ್ ತಂದುಕೊಟ್ಟ ಕೇಬಲ್ ಪೆಟ್ಟಿಗೆಗಳು ಒಂದೊಂದಾಗಿ ಅಟ್ಟ ಸೇರುತ್ತಿವೆ. ಬಿಟ್ಟವರು ಯೂಟ್ಯೂಬ್ ಟಿವಿಗೆ ಬಂದರೆ 2017ರಲ್ಲಿ 35 ಡಾಲರ್ ಇದ್ದದ್ದು 2025ರಲ್ಲಿ 82.99. ವರ್ಷಕ್ಕೆ ತೆರಿಗೆ ಬಿಟ್ಟು 996 ಡಾಲರ್. ಅದರ ಮೇಲೆ ಕೆಲವು ಪಂದ್ಯಕ್ಕೆ ಪೀಕಾಕ್ ಬೇರೆ.

ಇಷ್ಟೆಲ್ಲ ದುಡ್ಡು ಬಂದ ಮೇಲೆ ಕಾಲೇಜುಗಳು ಆರಾಮಾಗಿರಬೇಕಲ್ಲ? 2023-24ರ ಹಣಕಾಸು ವರ್ಷದಲ್ಲಿ ಬಿಗ್ ಟೆನ್ ಆದಾಯ 928 ಮಿಲಿಯನ್ ಡಾಲರ್, ಒಂದೊಂದು ಕಾಲೇಜಿಗೂ ಸರಾಸರಿ 63 ಮಿಲಿಯನ್. ಆದರೂ ಕ್ರೀಡಾ ವಿಭಾಗಗಳು ಸಾಲ ಹುಡುಕುತ್ತಿವೆ. ಸಂಬಳ ಹೆಚ್ಚಾದಂತೆ ಮನೆ, ಕಾರು, ಕ್ರೂಸ್ ಎಲ್ಲವೂ ದೊಡ್ಡದಾಗುವುದು ನಮ್ಮಲ್ಲಿಯೂ ಇದೆ. ಇಲ್ಲಿ ಅದು ಕೋಚ್‌ಗಳ ಕರಾರಿನಲ್ಲಿ ಕಾಣುತ್ತದೆ. 2025ರ ಅಕ್ಟೋಬರ್‌ನಲ್ಲಿ ಪೆನ್ ಸ್ಟೇಟ್ ತನ್ನ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ಕಳಿಸಿದಾಗ ಕರಾರಿನ ಪ್ರಕಾರ ಬಾಕಿ ಸುಮಾರು 49 ಮಿಲಿಯನ್ ಡಾಲರ್. ಅವರಿಗೆ ವರ್ಜೀನಿಯಾ ಟೆಕ್‌ನಲ್ಲಿ ಕೆಲಸ ಸಿಕ್ಕಿದ್ದರಿಂದ ಅದು 9 ಮಿಲಿಯನ್‌ಗೆ ಇಳಿಯಿತು. ಹಳೇ ಉದ್ಯೋಗಿಗೆ ಬೇಗ ಕೆಲಸ ಸಿಗಲಿ ಅಂತ ಹರಕೆ ಹೊತ್ತ ಸಂಸ್ಥೆ ಬೇರೆ ಎಲ್ಲಾದರೂ ಇದೆಯೇ?

ಇನ್ನೊಂದು ಹೊಸ ಖರ್ಚು ನ್ಯಾಯವಾದದ್ದೇ. ಇಷ್ಟು ವರ್ಷ ಆಡುವ ಹುಡುಗರಿಗೆ ಈ ದುಡ್ಡಿನಲ್ಲಿ ನೇರ ಪಾಲು ಇರಲಿಲ್ಲ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ಹೌಸ್ ರಾಜಿಯ ಪ್ರಕಾರ ಹಿಂದಿನ ಆಟಗಾರರಿಗೆ ಹತ್ತು ವರ್ಷದಲ್ಲಿ 2.8 ಬಿಲಿಯನ್ ಡಾಲರ್ ಸೇರಬೇಕು. ಈಗಿನವರಿಗೆ ಪ್ರತಿ ಕಾಲೇಜು ಮೊದಲ ವರ್ಷ 20.5 ಮಿಲಿಯನ್‌ವರೆಗೆ ಕೊಡಬಹುದು. 63ರಲ್ಲಿ 20.5, ಅಂದರೆ ಮೂರನೇ ಒಂದು ಭಾಗ. ದೊಡ್ಡ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅದರ ಮುಕ್ಕಾಲು ಭಾಗ ಫುಟ್‌ಬಾಲಿಗೇ ಹೋಗುತ್ತದೆ.

ಈ ಹೊತ್ತಿನಲ್ಲಿ ಬಂದದ್ದು ನನ್ನಂಥವರ ಕಿವಿ ನೆಟ್ಟಗಾಗುವ ಪ್ರಸ್ತಾಪ. 2025ರ ಶರತ್ಕಾಲದಲ್ಲಿ ವರದಿಯಾದಂತೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಿಂಚಣಿ ಮತ್ತು ದತ್ತಿ ಹಣ ನೋಡಿಕೊಳ್ಳುವ ಯುಸಿ ಇನ್ವೆಸ್ಟ್‌ಮೆಂಟ್ಸ್ ಸುಮಾರು 2.4 ಬಿಲಿಯನ್ ಡಾಲರ್ ಕೊಟ್ಟು, ಬಿಗ್ ಟೆನ್‌ನ ವಾಣಿಜ್ಯ ಹಕ್ಕುಗಳನ್ನು ಇಡುವ ಹೊಸ ಕಂಪನಿಯಲ್ಲಿ ಶೇ. 10 ಪಾಲು ಪಡೆಯುವುದು. ಪ್ರತಿಯಾಗಿ 18 ಕಾಲೇಜುಗಳು ತಮ್ಮ ಪ್ರಸಾರ ಹಕ್ಕನ್ನು 2046ರವರೆಗೆ ಕೂಟಕ್ಕೆ ಬರೆದುಕೊಡಬೇಕು.

ಒರಟು ಲೆಕ್ಕ ಹಾಕೋಣ. ವಾರ್ಷಿಕ ಆದಾಯ 1 ಬಿಲಿಯನ್ ಅಂತ ಹಿಡಿಯಿರಿ. ಶೇ. 10 ಅಂದರೆ 100 ಮಿಲಿಯನ್. 2.4 ಬಿಲಿಯನ್ ಹಾಕಿದವನಿಗೆ ವರ್ಷಕ್ಕೆ ಶೇ. 4ರ ಆಸುಪಾಸು. ಆ ದಿನಗಳಲ್ಲಿ ಅಮೆರಿಕ ಸರಕಾರದ ಹತ್ತು ವರ್ಷದ ಬಾಂಡ್ ಕೊಡುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ. ಬಾಂಡಿನಷ್ಟೇ ಆದಾಯಕ್ಕೆ ಇಪ್ಪತ್ತು ವರ್ಷದ ಫುಟ್‌ಬಾಲ್ ಅಪಾಯವನ್ನು ಯಾವ ಪಿಂಚಣಿ ನಿಧಿಯೂ ತಲೆ ಮೇಲೆ ಹಾಕಿಕೊಳ್ಳುವುದಿಲ್ಲ. ಅಂದರೆ 2030ರ ಮುಂದಿನ ಒಪ್ಪಂದಗಳು ಇವತ್ತಿಗಿಂತ ಬಹಳ ದೊಡ್ಡದಾಗುತ್ತವೆ ಅನ್ನುವುದು ಆ ಕೊಳ್ಳುವವರ ನಂಬಿಕೆ. ಅದು ನಿಜವೇ ಆದರೆ ಮಿಶಿಗನ್ ಯಾಕೆ ಈಗಲೇ ಮಾರಬೇಕು? ಸುಳ್ಳಾದರೆ ಕ್ಯಾಲಿಫೋರ್ನಿಯಾದ ನೌಕರರ ಪಿಂಚಣಿ ಯಾಕೆ ಇದರಲ್ಲಿ ಇರಬೇಕು? ಜೊತೆಗೆ ಯುಸಿಎಲ್‌ಎ ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕುಡಿ. ಹಣ ಕೊಡುವವನೂ ಹಣ ಪಡೆಯುವವನೂ ಒಂದೇ ಮನೆಯವರು.

ಕೈ ಕಟ್ಟಿಸಿಕೊಳ್ಳುವುದರ ಬೆಲೆ ಏನು ಅಂತ ಎಸಿಸಿಯನ್ನು ಕೇಳಿ. ಅವರು 2016ರಲ್ಲಿ ಇಎಸ್‌ಪಿಎನ್ ಜೊತೆ 2036ರವರೆಗೆ ಸಹಿ ಹಾಕಿದರು. ಬಡ್ಡಿ ಏರುವ ಮುಂಚೆ ದೀರ್ಘಾವಧಿ ಎಫ್‌ಡಿ ಇಟ್ಟವರ ಸ್ಥಿತಿ ಆಯಿತು. ಫ್ಲಾರಿಡಾ ಸ್ಟೇಟ್, ಕ್ಲೆಮ್ಸನ್ ಕೋರ್ಟ್ ಮೆಟ್ಟಿಲು ಹತ್ತಿ, 2025ರ ಮಾರ್ಚ್‌ನಲ್ಲಿ ರಾಜಿಯಾದವು. ಬಿಗ್ ಟೆನ್ ಏಳೇ ವರ್ಷಕ್ಕೆ ಸಹಿ ಹಾಕಿದ್ದು ಅದರ ದೊಡ್ಡ ಜಾಣತನ ಅಂತ ನನ್ನ ಅಭಿಪ್ರಾಯ. 2046ರ ಕರಾರು ಆ ಜಾಣತನವನ್ನೇ ಅಡವಿಡುತ್ತಿತ್ತು. ಮಿಶಿಗನ್ ಮತ್ತು ಯುಎಸ್‌ಸಿ ಒಪ್ಪಲಿಲ್ಲ. ಎಲ್ಲರೂ ಒಂದಾಗದೆ ಮುಂದುವರಿಯುವುದಿಲ್ಲ ಅಂತ ಯುಸಿ ಇನ್ವೆಸ್ಟ್‌ಮೆಂಟ್ಸ್ ನವೆಂಬರ್‌ನಲ್ಲಿ ತಡೆಹಿಡಿಯಿತು.

ನಮ್ಮ ಮನೆಗಳಿಗೆ ಇದು ತಟ್ಟುವ ಜಾಗ ಫುಟ್‌ಬಾಲ್ ಅಲ್ಲ. ನೇಪರ್‌ವಿಲ್, ಅರೋರಾ, ನೋವೈ, ಟ್ರಾಯ್ ಕಡೆಯ ನಮ್ಮ ಮಕ್ಕಳು ಆಡುವುದು ಟೆನಿಸ್, ಈಜು, ಗಾಲ್ಫ್. ಕೋಚಿಂಗಿಗೆ ವರ್ಷಕ್ಕೆ ಹತ್ತಾರು ಸಾವಿರ ಸುರಿದು, "ಕಾಲೇಜಿಗೆ ಸ್ಕಾಲರ್‌ಶಿಪ್ ಸಿಕ್ಕರೆ ಸಾಕು" ಅನ್ನುವ ಅಪ್ಪ ಅಮ್ಮಂದಿರನ್ನು ಪ್ರತಿ ಯುಗಾದಿ ಕಾರ್ಯಕ್ರಮದಲ್ಲೂ ನೋಡುತ್ತೇನೆ. ಅವರು ಕೆಲವು ಸಂಗತಿ ತಿಳಿದಿರಲಿ. 2020ರಲ್ಲಿ ಅಯೋವಾ ಪುರುಷರ ಟೆನಿಸ್ ತಂಡವನ್ನೇ ಮುಚ್ಚಿತು, ಮಿಶಿಗನ್ ಸ್ಟೇಟ್ ಈಜು ವಿಭಾಗವನ್ನು ನಿಲ್ಲಿಸಿತು. ಎರಡೂ ಬಿಗ್ ಟೆನ್ ಕಾಲೇಜುಗಳೇ. ಹೌಸ್ ರಾಜಿಯಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ ತಂಡದ ಗಾತ್ರದ ಮಿತಿ ಬಂದಿದೆ. ಪುರುಷರ ಟೆನಿಸ್‌ನಲ್ಲಿ ಮೊದಲು ಇಡೀ ತಂಡಕ್ಕೆ 4.5 ಸ್ಕಾಲರ್‌ಶಿಪ್, ಈಗ ತಂಡದಲ್ಲಿ 10 ಜನ, ಬೇಕಾದರೆ ಹತ್ತೂ ಜನಕ್ಕೆ ಪೂರ್ತಿ ಕೊಡಬಹುದು. "ಬೇಕಾದರೆ" ಅನ್ನುವ ಪದದ ಮೇಲೆ ಬೆರಳಿಡಿ. ಹನ್ನೊಂದನೆಯವನಾಗಿ ಸ್ವಂತ ಖರ್ಚಿನಲ್ಲಿ ತಂಡ ಸೇರುತ್ತೇನೆ ಅನ್ನುವ ದಾರಿ ಮುಚ್ಚಿದೆ.

ಹಾಗಾಗಿ 529 ಖಾತೆಗೆ ಹಾಕುವ ಮೊತ್ತವನ್ನು ರ‍್ಯಾಕೆಟ್ ನಂಬಿ ಕಡಿಮೆ ಮಾಡಬೇಡಿ. ಕೋಚ್ ಜೊತೆ ಮಾತಾಡುವಾಗ ಸ್ಕಾಲರ್‌ಶಿಪ್ ಎಷ್ಟು ಎಂದು ಕೇಳುವ ಮೊದಲು, ನಿಮ್ಮ ತಂಡದ ಖರ್ಚು ಯಾವ ಬಾಬ್ತಿನಿಂದ ಬರುತ್ತದೆ, ಇನ್ನು ನಾಲ್ಕು ವರ್ಷ ಅದು ಖಚಿತವೇ ಎಂದು ಕೇಳಿ. ಫಾಕ್ಸ್, ಕಾಮ್‌ಕಾಸ್ಟ್, ಡಿಸ್ನಿ ಷೇರು ನಿಮ್ಮ ಇಂಡೆಕ್ಸ್ ಫಂಡಿನಲ್ಲಿ ಈಗಾಗಲೇ ಇವೆ, ಹೊಸದಾಗಿ ಕೊಳ್ಳುವುದು ಬೇಡ. ಈಗಿನ ಬಿಗ್ ಟೆನ್ ಒಪ್ಪಂದ 2029-30ರ ಋತುವಿಗೆ ಮುಗಿಯುತ್ತದೆ. ಇವತ್ತು ಎಂಟನೇ ಕ್ಲಾಸಿನಲ್ಲಿರುವ ಮಗು ಆ ಸುಮಾರಿಗೆ ಅರ್ಬಾನಾದ ಹಾಸ್ಟೆಲಿಗೆ ಪೆಟ್ಟಿಗೆ ಕಟ್ಟುತ್ತಿರುತ್ತದೆ.