‘ಎಲ್ಲೆ’ ಎಂಬ ಶಬ್ದವೂ ಸೋಲಿಗರ ಭೂಮಿಭಾವನೆಯೂ

ಕನ್ನಡದಲ್ಲಿ ‘ಎಲ್ಲೆ’ ಎಂಬ ಶಬ್ದಕ್ಕೆ ಮೇರೆ, ಗಡಿ, ಅವಧಿ ಎಂಬ ಅರ್ಥಗಳಿರುವುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ವಾಸಿಸುವ ಸೋಲಿಗರ ಮಾತಿನಲ್ಲಿ ಎಲ್ಲೆಯೆಂದರೆ ಗಡಿಯಲ್ಲ, ಗಡಿಯೊಳಗಿನ ನೆಲವೇ; ಒಂದೊಂದು ಕುಲಕ್ಕೆ ಹಿರಿಯರಿಂದ ಬಂದ ಕಾಡಿನ ಭಾಗ. ಇದನ್ನು ಗಿರಿಜನರ ತಪ್ಪು ಪ್ರಯೋಗವೆಂದು ತಳ್ಳಿಹಾಕುವುದು ಉಚಿತವಲ್ಲ. ಸಂಸ್ಕೃತದ ‘ಸೀಮಾ’ ಶಬ್ದವೂ ಮುಖ್ಯವಾಗಿ ಮೇರೆಯನ್ನೇ ಹೇಳುವುದಾಗಿದ್ದು, ಕನ್ನಡಕ್ಕೆ ಬಂದು ‘ಸೀಮೆ’ಯಾದ ಮೇಲೆ ದೇಶವಾಚಕವೂ ಆಗಿದೆ. ‘ಮೈಸೂರು ಸೀಮೆ’ ಎಂದಾಗ ನಾವಾರೂ ಗಡಿಕಲ್ಲನ್ನು ನೆನೆಯುವುದಿಲ್ಲ. ಪಂಡಿತರ ಶಬ್ದವು ಹಿಡಿದ ದಾರಿಯನ್ನೇ ಬೆಟ್ಟದವರ ಶಬ್ದವೂ ಹಿಡಿದಿದೆ. (‘ಪೋಡು’ ಎಂಬುದೂ ಹೀಗೆಯೇ ಗಮನಾರ್ಹ. ತೆಲುಗಿನಲ್ಲಿ ಅದು ಕಾಡನ್ನು ಕಡಿದು ಸುಟ್ಟು ಮಾಡುವ ಬೇಸಾಯ. ಸೋಲಿಗರಲ್ಲಿ ಅವರ ವಸತಿ.)

ಎಲ್ಲೆಗೆ ಎಲ್ಲೆತನವು ಬರುವುದು ಅಳತೆಯಿಂದಲ್ಲ, ಅದರೊಳಗಿನ ಸನ್ನಿಧಾನಗಳಿಂದ. ದೇವರು, ಮಾರಮ್ಮ, ಉಗ್ರಶಕ್ತಿಯಾದ ವೀರು, ನೀರಿನ ನೆಲೆಯಾದ ಅಬ್ಬಿ, ಕಲ್ಲುಗುಡಿ ಎಂಬ ಇವುಗಳಿಂದ ಕುಲದವರು ತಮ್ಮ ಎಲ್ಲೆಯನ್ನು ಗುರುತಿಸುತ್ತಾರೆ. ಕಲ್ಲುಗುಡಿಯೆಂದರೆ ಗತಿಸಿದವರ ನೆನಪಿಗೆ ಕಲ್ಲುಗಳನ್ನು ಇಟ್ಟಿರುವ ಸ್ಥಳ. ಈಚಿನ ಕಾಲದಲ್ಲಿ ಸಂಶೋಧಕರು ಸೋಲಿಗ ಹಿರಿಯರೊಡನೆ ಕಾಡಿನಲ್ಲಿ ನಡೆದು ಇಂತಹ ನೂರಾರು ಸ್ಥಾನಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ಭಾರ್ಗವೀ ಹೊಳೆಯ ತೀರದ ದೊಡ್ಡ ಸಂಪಿಗೆಯನ್ನು ಮಾತ್ರ ಯಾತ್ರಿಕರೂ ಬಲ್ಲರು. ಹೊಳೆಯ ಹೆಸರಿನಿಂದಲೇ ನಮ್ಮಂತಹ ಪಂಡಿತರು ಅಲ್ಲಿಗೆ ಹಿಂದೆಯೇ ಹೋಗಿದ್ದರೆಂದು ತಿಳಿಯಬಹುದು.

ಇಲ್ಲಿ ನಮ್ಮ ಶಾಸ್ತ್ರದ ಒಂದು ವಿಧಿಯು ವಿಚಾರಣೀಯವಾಗಿದೆ. ಪರರ ಭೂಮಿಯಲ್ಲಿ ಶ್ರಾದ್ಧವನ್ನು ಮಾಡಬಾರದು. ಆ ಭೂಮಿಯ ಒಡೆಯನ ಪಿತೃಗಳು ಅದನ್ನು ಕೆಡಿಸುವರು. ಆದರೆ ಅಡವಿ, ಪರ್ವತ, ಪುಣ್ಯತೀರ್ಥ, ದೇವಾಲಯಗಳು ಅಸ್ವಾಮಿಕಗಳು, ಎಂದರೆ ಒಡೆಯರಿಲ್ಲದವು. ಆದಕಾರಣ ಅಲ್ಲಿ ದೋಷವಿಲ್ಲ. ಕೂರ್ಮಪುರಾಣವೇ ಮೊದಲಾದ ಗ್ರಂಥಗಳ ಶ್ರಾದ್ಧಪ್ರಕರಣದಲ್ಲಿ ಈ ವಿಧಿಯುಂಟು. ಇದರ ತಾತ್ಪರ್ಯವನ್ನು ಪರಿಶೀಲಿಸಿದರೆ, ನೆಲಕ್ಕೂ ಅದರ ಒಡೆಯನ ಪಿತೃಗಳಿಗೂ ಬಿಡದ ಸಂಬಂಧವಿದೆಯೆಂಬುದನ್ನು ಶಾಸ್ತ್ರವು ಪೂರ್ಣವಾಗಿ ಒಪ್ಪಿದೆ. ಕಾಡನ್ನು ಅಸ್ವಾಮಿಕವೆಂದದ್ದು ಅಲ್ಲಿ ಯಾರ ಪಿತೃಗಳೂ ಇಲ್ಲವೆಂಬ ಊಹೆಯಿಂದ. ಊರಿನ ಕಡೆಯಿಂದ ನೋಡುವವನಿಗೆ ಹಾಗೆ ತೋರುವುದು ಸಹಜ. ಯಾಸ್ಕನು ‘ಅರಣ್ಯ’ ಶಬ್ದವನ್ನು ನಿರ್ವಚಿಸುವಾಗಲೂ ಗ್ರಾಮದಿಂದ ದೂರವಾದದ್ದು, ರಮಣೀಯವಲ್ಲದ್ದು ಎಂಬ ಭಾವಗಳನ್ನೇ ಹಿಡಿದಿದ್ದಾನೆ. ಕಲ್ಲುಗುಡಿಯನ್ನು ಕಂಡವನು ಹೀಗೆ ಹೇಳಲಾರನು. ಶಾಸ್ತ್ರದ ಹೇತುವನ್ನೇ ಅನುಸರಿಸುವುದಾದರೆ ಬಿಳಿಗಿರಿಯ ಕಾಡು ಸಸ್ವಾಮಿಕವೆಂದೇ ನಮ್ಮ ಮತ.

ಆದರೆ ಸೋಲಿಗರ ಸ್ವಾಮ್ಯವು ಮಾರುವ ಕೊಳ್ಳುವ ಸ್ವಾಮ್ಯವಲ್ಲ, ನಂಟಿನ ಸ್ವಾಮ್ಯ. ಬೆಟ್ಟದ ರಂಗನಾಥನು ಅವರಿಗೆ ಭಾವ. ಆತನು ಕುಸುಮಾಲೆಯೆಂಬ ಸೋಲಿಗರ ಕನ್ಯೆಯನ್ನು ವರಿಸಿದನೆಂಬುದು ಅವರ ಕಥೆ. ಶ್ರೀರಂಗದ ಸ್ವಾಮಿಯು ಆಂಡಾಳನ್ನು ವರಿಸಿದ ಕಥೆಯ ಅನುಕರಣವಿದೆಂದು ಹೇಳುವವರು ಉಂಟಾದರೆ, ಅವರು ‘ಭಾವ’ ಎಂಬ ಸಂಬೋಧನೆಯ ಸ್ವಾರಸ್ಯವನ್ನು ಗಮನಿಸಬೇಕು. ಅಥರ್ವವೇದದ ಪೃಥಿವೀಸೂಕ್ತದಲ್ಲಿ ಭೂಮಿಯು ತಾಯಿ, ಋಷಿಯು ಮಗ. ಅಗೆದ ನೆಲವು ಬೇಗನೆ ಮತ್ತೆ ಚಿಗುರಲೆಂಬ ಪ್ರಾರ್ಥನೆಯೂ ಅಲ್ಲಿದೆ. ತಾಯಿಯು ಕೇಳದೆಯೇ ಕೊಡುವಳು. ಭಾವನೊಡನೆ ಹಾಗಲ್ಲ, ಸರಸವುಂಟು, ಜಗಳವುಂಟು, ಕೊಟ್ಟುದಕ್ಕೆ ಮರಳಿ ಕೊಡಬೇಕಾದ ಹೊಣೆಯೂ ಉಂಟು. ಹೆಣ್ಣು ಕೊಟ್ಟ ಮನೆಯವರನ್ನು ಹೊರಗಟ್ಟುವಂತೆಯೂ ಇಲ್ಲ.

ಈ ಹೊಣೆಯು ಬರಿಯ ಭಾವನೆಯಾಗಿರದೆ ಕ್ರಿಯೆಯಲ್ಲಿಯೂ ಇದ್ದಿತೆಂಬುದಕ್ಕೆ ‘ತರಗು ಬೆಂಕಿ’ಯು ನಿದರ್ಶನ. ಬೇಸಗೆಯು ಬಲಿಯುವ ಮುನ್ನ, ನೆಲದಲ್ಲಿನ್ನೂ ತೇವವಿರುವಾಗ, ಸೋಲಿಗರು ಉದುರಿದ ತರಗಿಗೆ ಬೆಂಕಿಯಿಡುತ್ತಿದ್ದರು. ಅದು ನೆಲಮಟ್ಟದಲ್ಲಿ ಹರಿದು ಆರುವ ಸಣ್ಣ ಉರಿ. ಅದರಿಂದ ಹುಲ್ಲು ಚಿಗುರುವುದು, ನೆಲ್ಲಿಯ ಮರಕ್ಕೆ ಹತ್ತುವ ‘ಉಪ್ಪಿಲು’ ಅಡಗುವುದು ಎಂದು ಹಿರಿಯರು ಹೇಳುತ್ತಾರೆ. ಉಪ್ಪಿಲೆಂದರೆ ಬದನಿಕೆ; ಅಮರಸಿಂಹನ ‘ವೃಕ್ಷಾದನೀ’, ಮರವನ್ನು ತಿನ್ನುವಂತಹುದು. 1974ರಲ್ಲಿ ಈ ಬೆಟ್ಟವು ಅಭಯಾರಣ್ಯವೆಂದು ಘೋಷಿತವಾಗಿ, 1987ರಲ್ಲಿ ಸುಮಾರು 540 ಚದರ ಕಿಲೋಮೀಟರುಗಳಿಗೆ ವಿಸ್ತೃತವಾಯಿತು. ಬೇಟೆ, ಕಾಡುಬೇಸಾಯ, ತರಗು ಬೆಂಕಿ ಎಲ್ಲವೂ ನಿಂತವು. ಅನಂತರದ ದಶಕಗಳಲ್ಲಿ ಅಮೆರಿಕಾ ಮೂಲದ ಲಂಟಾನವು ಕಾಡಿನ ತಳವನ್ನೆಲ್ಲ ಮುಸುಕಿಕೊಂಡಿತು; ನೆಲ್ಲಿಯ ಮೇಲೆ ಉಪ್ಪಿಲೂ ಹೆಚ್ಚಿತು. ಬೆಂಕಿ ನಿಂತದ್ದೇ ಇವೆರಡಕ್ಕೂ ಕಾರಣವೆಂಬುದು ಸೋಲಿಗರ ವಾದ. ಸಸ್ಯಶಾಸ್ತ್ರಜ್ಞರು ಕೆಲವರು ಇದನ್ನು ಆದರದಿಂದ ಪರೀಕ್ಷಿಸಿದ್ದಾರೆ. ಇದರ ನಿರ್ಣಯವು ನಮ್ಮ ಅಧಿಕಾರಕ್ಕೆ ಮೀರಿದ್ದು. ಆದರೆ ತಲೆಮಾರುಗಳಿಂದ ಒಂದೇ ಕಾಡನ್ನು ನೋಡಿದವರ ಮಾತು ಆಪ್ತವಾಕ್ಯವೆಂಬ ಪ್ರಮಾಣಕ್ಕೆ ಅರ್ಹವಲ್ಲವೆ?

ರಾಜಶಾಸನವೂ ಬಹುಕಾಲ ಕಾಡನ್ನು ಅಸ್ವಾಮಿಕವೆಂದೇ ಬಗೆದು, ಅಸ್ವಾಮಿಕವಾದುದು ಪ್ರಭುತ್ವದ್ದೆಂದು ತೀರ್ಮಾನಿಸಿತು. 2006ರ ಅರಣ್ಯಹಕ್ಕು ಕಾಯಿದೆಯು ಈ ದೃಷ್ಟಿಯನ್ನು ತಿದ್ದಿತು. 2011ರಲ್ಲಿ ಬೆಟ್ಟವು ಹುಲಿಗಳ ರಕ್ಷಿತಾರಣ್ಯವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಗಳೂ ದೊರೆತವು. ಭಾರತದ ಹುಲಿಯ ಕಾಡೊಂದರಲ್ಲಿ ಹೀಗಾದದ್ದು ಅದೇ ಮೊದಲು.

ಹಕ್ಕುಪತ್ರದಲ್ಲಿ ಬರೆಯುವುದು ನೆಲದ ಅಳತೆ. ಎಲ್ಲೆಗಳ ಹೆಸರು, ಅಬ್ಬಿಗಳ ಹೆಸರು, ಯಾವ ಕಲ್ಲುಗುಡಿ ಯಾವ ಕುಲದ್ದೆಂಬ ವಿವರ ಇವು ವೃದ್ಧರ ಬಾಯಲ್ಲಿವೆ. ಪೋಡುಗಳಲ್ಲಿ ಹುಟ್ಟಿದ ಎಳೆಯರಲ್ಲಿ ಅನೇಕರಿಗೆ ಒಳಕಾಡಿನ ಹಳೆಯ ಸ್ಥಾನಗಳು ಕೇಳಿದ ಹೆಸರುಗಳು ಮಾತ್ರ. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲದ ಪಾಠಶಾಲೆಗಳ ಕನ್ನಡ ಉಪಾಧ್ಯಾಯರು ಆ ಮಕ್ಕಳೊಡನೆಯೇ ಹಿರಿಯರ ಬಳಿಗೆ ಹೋಗಿ, ಅವರ ಅನುಮತಿಯಿದ್ದಷ್ಟನ್ನು, ಅವರು ಉಚ್ಚರಿಸುವಂತೆಯೇ ಬರೆದುಕೊಳ್ಳಬೇಕೆಂದು ಬಿನ್ನಹ. ಹೆಸರುಗಳನ್ನು ಸಂಸ್ಕೃತೀಕರಿಸಬಾರದು, ಭಾರ್ಗವಿಯೊಂದು ಸಾಕು.